ಅಣವೀರಪ್ಪನ ಶಿಫಾರಸು

"ಸೀದಾ ಹೇಳಿ ಅಣವೀರಪ್ಪ. ಹೊರಗಡೆ ಓಡಾಡೋಕೆ ಇದಾ, ಅದಾ? ಬೋಲೋ ನಾ," ಎಂದ ವಿಕ್ರಂ.

ಮುಂಬಯಿಯ ಫೋರ್ಟ್ ಪೇಟೆಯ ಬಂದೂಕಿನ ಅಂಗಡಿಯಲ್ಲಿ, ಹಸಿರು ಬಟ್ಟೆ ಹಾಸಿದ ಕೌಂಟರಿನ ಮೇಲೆ ಎರಡು ಮ್ಯಾಗ್ನಮ್ ರಿವಾಲ್ವರುಗಳಿದ್ದವು. ಕಪ್ಪು ಉಕ್ಕಿನ, ಮರದ ಹಿಡಿಯ ಹಳೆಯದು ವಿಕ್ರಂನ ತಂದೆ ಸತ್ಯಮೂರ್ತಿಯವರದು. ಬೆಳ್ಳಗೆ ಹೊಳೆಯುವ ಸಣ್ಣದು ಅಂಗಡಿಯ ಹೊಸ ಮಾಲು. ಅಪ್ಪ ಮಗ ಇಬ್ಬರೂ ತನ್ನ ಬಾಯನ್ನೇ ನೋಡುತ್ತಿರುವುದು ಕಂಡು ಅಣವೀರಪ್ಪನಿಗೆ ಒಳಗೊಳಗೇ ಹಿಗ್ಗಾಯಿತು. ಆಳಿನ ಅಭಿಪ್ರಾಯ ಕೇಳುವ ಧಣಿಗಳು ಎಲ್ಲಿ ಸಿಗುತ್ತಾರೆ!

ಸತ್ಯಮೂರ್ತಿಯವರಿಗೆ ಕರ್ಜತ್ ಆಚೆ ಗುಡ್ಡದ ಜಮೀನಿದೆ. ಅಲ್ಲಿ ಚಿರತೆ, ಕಾಡುಹಂದಿಗಳ ಕಾಟ. ಲೈಸೆನ್ಸ್ ಅವರದು, ಆದರೆ ಅವರ ಪರವಾಗಿ ರಿವಾಲ್ವರ್ ಹೊರುವವನೆಂದು ಅದರಲ್ಲಿ ಅಣವೀರಪ್ಪನ ಹೆಸರೂ ಸೇರಿತ್ತು. ಸಾಹೇಬರು ಮುಂದೆ, ಸೊಂಟಕ್ಕೆ ಕಟ್ಟಿಕೊಂಡ ಇವನು ಹಿಂದೆ, ವರ್ಷಗಟ್ಟಲೆ ಹಾಗೇ ನಡೆದದ್ದು. ಸುರಪುರದ ಕಡೆಯಿಂದ ಗಾರೆ ಕೆಲಸಕ್ಕೆಂದು ಬಂದವನಿಗೆ ಭಾಂಡುಪಿನ ಚಾಳಿನಲ್ಲಿ ಮರ್ಯಾದೆ ತಂದುಕೊಟ್ಟದ್ದು ಈ ಕಬ್ಬಿಣವೇ. ಆಯುಧಪೂಜೆಯ ದಿನ ಚೆಂಬೂರಿನ ಮನೆಯಲ್ಲಿ ಸಾಹೇಬರ ಹೆಂಡತಿ ವನಮಾಲಾ ಅಮ್ಮನವರು ಅದಕ್ಕೂ ಇವನ ಹಣೆಗೂ ಒಂದೇ ಬಟ್ಟಲಿನ ಕುಂಕುಮ ಇಡುತ್ತಿದ್ದರು.

ಆದರೆ ಭಾರವೆಂದರೆ ಎಂಥ ಭಾರ! ಗುಡ್ಡ ಹತ್ತಿ ಇಳಿದ ದಿನ ಹೆಂಡತಿ ಸುಂದ್ರವ್ವ ಸೊಂಟಕ್ಕೆ ಉಪ್ಪಿನ ಶಾಖ ಕೊಡಬೇಕಾಗುತ್ತಿತ್ತು. ಮಳೆಗಾಲದಲ್ಲಿ ಒಂದು ದಿನ ಎಣ್ಣೆ ತಪ್ಪಿದರೂ ತುಕ್ಕು. ಅಣವೀರಪ್ಪ ಹೊಸದನ್ನು ಎತ್ತಿ ನೋಡಿದ. ಅಂಗೈಯಲ್ಲಿ ಏನೂ ಇಲ್ಲವೇನೋ ಅನ್ನಿಸಿತು.

"ಇದನ್ನ ತಗೋರಿ ಸಾಹೇಬ್ರ. ಭಾಳ ಚಲೋ ಐತಿ. ತುಕ್ಕ ಹಿಡಿಯಂಗಿಲ್ಲ, ಅಂಗಿ ಒಳಗ ಇಟ್ರ ಗೊತ್ತ ಆಗಂಗಿಲ್ಲ. ಹಳೇದು ಹೊತ್ತು ಹೊತ್ತು ನನ್ನ ಸೊಂಟಾನ ಹೋಗೇತ್ರಿ."

"ಇದರಲ್ಲಿ ಐದೇ ಗುಂಡು ಹಿಡಿಯೋದಲ್ಲಯ್ಯ? ನಮ್ಮದರಲ್ಲಿ ಆರು," ಎಂದರು ಸತ್ಯಮೂರ್ತಿ.

"ಚಿರತಿ ಆರನೇದಕ್ಕ ಕಾಯ್ಕೊಂತ ನಿಂದರ್ತೈತೇನ್ರಿ?"

ಎಲ್ಲರೂ ನಕ್ಕರು. "ಹಗುರ ಇದ್ರೆ ಗುಂಡು ಹಾರಿಸಿದಾಗ ಕೈಗೆ ಜೋರಾಗಿ ಒದೆಯುತ್ತಂತಲ್ಲ?" ಎಂದು ವಿಕ್ರಂ ಕೇಳಿದ.

ಮಾತು ನಿಜವೇ. ಭಾರದ್ದು ಏಟನ್ನು ತಾನೇ ನುಂಗಿಕೊಳ್ಳುತ್ತದೆ, ಹಗುರದ್ದು ಮಣಿಕಟ್ಟಿಗೆ ದಾಟಿಸುತ್ತದೆ. ನೋಯುವುದು ನನ್ನ ಮಣಿಕಟ್ಟು ತಾನೇ, ಸೊಂಟ ಉಳಿದರೆ ಸಾಕು ಎಂದುಕೊಂಡ ಅಣವೀರಪ್ಪ.

"ಅದೆಲ್ಲಾ ಮಂದಿ ಮಾತರೀ. ಸಣ್ಣ ಹುಡುಗ್ರೂ ಹೊಡೀಬೌದು."

ವಿಕ್ರಂ ಅಪ್ಪನ ಕಡೆ ತಿರುಗಿದ. "ಕೇಳಿದ್ರಾ ಅಪ್ಪಾ? ನಾನು ಹೇಳಿದ್ದನ್ನೇ ಇವರೂ ಹೇಳಿದ್ರು. ನನ್ನ ಲೈಸೆನ್ಸ್ ಬಂದಾಯ್ತು. ಇದನ್ನ ನಾನೇ ಇಟ್ಕೊಂಡು ನಿಮ್ಮ ಜೊತೆ ಬರ್ತೀನಿ. ಬೇರೆ ಯಾರೂ ಬೇಕಾಗಲ್ಲ."

ಸತ್ಯಮೂರ್ತಿ ಹಳೆಯದನ್ನು ಅಂಗಡಿಯವನ ಕಡೆ ಸರಿಸಿದರು. "ಹಳೇದನ್ನ ಇಲ್ಲೇ ಕೊಟ್ಟುಬಿಡೋಣ ಹಾಗಾದ್ರೆ. ನಿನ್ನ ಸೊಂಟಕ್ಕೆ ಇಷ್ಟು ತೊಂದರೆ ಅಂತ ಮೊದಲೇ ಹೇಳಬಾರದಿತ್ತೇನಯ್ಯ? ಇನ್ನು ಊರಿಗೆ ಹೋಗಿ ಆರಾಮಾಗಿರು."

ಅವರ ದನಿಯಲ್ಲಿ ನಿಜವಾದ ಕನಿಕರವಿತ್ತು. ಅಣವೀರಪ್ಪನಿಗೆ ಹೆಚ್ಚು ಚುಚ್ಚಿದ್ದು ಅದೇ. ಬೈದು ಬಿಡಿಸಿದ್ದರೆ ತಿರುಗಿ ಒಂದು ಮಾತಾದರೂ ಆಡಬಹುದಿತ್ತು.

"ಸಾಹೇಬ್ರ, ಅದು ಒದೀತೈತ್ರೀ. ಖರೇನ ಒದೀತೈತಿ. ಸಣ್ಣ ಸಾಹೇಬ್ರ ಕೈ ತಡಿಯಂಗಿಲ್ಲ."

"ಅರೇ, ಈಗ ತಾನೇ ಸಣ್ಣ ಹುಡುಗ್ರೂ ಹೊಡೀಬಹುದು ಅಂದ್ರಲ್ಲ!" ವಿಕ್ರಂ ನಕ್ಕ. ಅಂಗಡಿಯವನೂ ನಕ್ಕ. ಹಾಳು ನಾಲಿಗೆಯನ್ನು ಕಿತ್ತು ಎಸೆಯಬೇಕು ಅನ್ನಿಸಿತು ಅಣವೀರಪ್ಪನಿಗೆ.

ಅಂಗಡಿಯವನು ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಒಳಗೆ ಒಯ್ದ. ಸಾಹೇಬರು ರಿವಾಲ್ವರಿನ ಬೆಲ್ಟನ್ನೂ ಕೇಳಿದರು. ಅಣವೀರಪ್ಪ ಬಿಚ್ಚಿಕೊಟ್ಟ.

ಒಬ್ಬನೇ ಮೊದಲು ಬಾಗಿಲಿಗೆ ಬಂದಾಗ, ಒಳಗೆ ಹೋಗುವಾಗ ತನಗೆ ಸೆಲ್ಯೂಟ್ ಹೊಡೆದಿದ್ದ ವಾಚ್‌ಮನ್ ಸ್ಟೂಲಿನಿಂದ ಎದ್ದ, ಕೈ ಎತ್ತಲು ಹೊರಟ. ಅವನ ಕಣ್ಣು ಅಣವೀರಪ್ಪನ ಸೊಂಟದ ಮೇಲೆ ಬಿತ್ತು. ಮತ್ತೆ ಕೂತುಕೊಂಡ.