ಯಾರ ಮನೆಯ ಕಾಫಿ

“ಕೈ ಎತ್ತಲಾ, ಬೋಳಿಮಗನೆ. ಎಲ್ಡು ಇಟ್ಟಿಗೆ ಎತ್ತಕ್ಕಾಗ್ದಿರೋ ಕೈ ಇಟ್ಕೊಂಡು ಯಾವ್ ಸೀಮೆ ಗಂಡಸ್ಲಾ ನೀನು?”

ಮೇಸ್ತ್ರಿ ಚಾಸಿಬ್ ಬೈಯುವುದಕ್ಕೆ ಶುರುಮಾಡಿ ಆಗಲೇ ಬಹಳ ಹೊತ್ತಾಗಿತ್ತು. ಲಫ್ತಾನ ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲಿಗೇ ನಿಂತುಬಿಡುತ್ತಿತ್ತು. ಇಟ್ಟಿಗೆಯನ್ನು ಗದ್ದಕ್ಕೆ ಒತ್ತಿಕೊಂಡು, ಹಣೆಯಿಂದ ನೂಕಿ ಮೇಲಿನ ಸಾಲಿಗೆ ಏರಿಸಲು ನೋಡಿದ. ಅದು ಜಾರಿ ಬಿದ್ದು ಎರಡು ಹೋಳಾಯಿತು. ಚಾಸಿಬ್ ಕುಂಡೆಗೊಂದು ಒದ್ದ. ಕತ್ತೆಗಾಡಿಯವರು ನೋಡಿದರು, ನೋಡಿ ಕತ್ತೆಗಳ ಕಡೆ ಮುಖ ತಿರುಗಿಸಿಕೊಂಡರು. ಯಾರೂ ನಗಲಿಲ್ಲ. ಆ ಕೈ ಯಾಕೆ ಏಳುವುದಿಲ್ಲ ಎಂದು ಬಗ್ದಾದಿನ ಮೂಡಲಿಗಿರುವ ಆ ಇಟ್ಟಿಗೆ ಗೂಡುಗಳಲ್ಲಿ ಕತ್ತೆಗಳಿಗೆ ಬಿಟ್ಟು ಮಿಕ್ಕವರಿಗೆಲ್ಲ ಗೊತ್ತಿತ್ತು.

ಅಷ್ಟರಲ್ಲಿ ಗೂಡುಗಳ ಧಣಿ ಶೇಖ್ ಗದ್ಬಾನ್‌ನ ಬಿಳಿ ಕಾರು ಬಂದು ನಿಂತಿತು. ಆತ ಇಳಿಯಲಿಲ್ಲ. ಗೂಡುಗಳಲ್ಲಿ ಉರಿಯುವ ಕರಿ ಎಣ್ಣೆಯ ಹೊಗೆ ಒಳಕ್ಕೆ ಬಾರದಂತೆ ಗಾಜನ್ನು ನಾಲ್ಕು ಬೆರಳು ಮಾತ್ರ ಇಳಿಸಿದ. ಜೈಲಿನಿಂದ ಬಂದ ಮೇಲೆ ನಿನ್ನ ಕೈಗಿಂತ ಬಾಯಿ ಜಾಸ್ತಿ ಆಡುತ್ತಿದೆಯಂತೆ, ಯಾವಳೋ ಹೆಂಗಸಿನ ಕೈಲಿ ಏನೇನೋ ಬರೆಸುತ್ತಿದ್ದೀಯಂತೆ ಎಂದ. ಲಫ್ತಾ ನೆಲ ನೋಡುತ್ತ ನಿಂತ.

“ಒಂದು ಮಾತು ತಲೇಲಿಟ್ಕೊ. ನೀನು ಮಲಗೋ ಮನೆ ನಂದು. ಕೂರೋ ಚಾಪೆ ನಂದು. ನೀರಿನ ಮಡಕೆ ಕೂಡ ನಂದೇ,” ಎಂದು ಹೇಳಿ ಶೇಖ್ ಗಾಜು ಏರಿಸಿದ.

ಸುಳ್ಳೇನಲ್ಲ. ಗೂಡಿನ ಆಳುಗಳಿಗೆಲ್ಲ ಮನೆ ಧಣಿಯದೇ, ಅವನ ಗೂಡಿನಲ್ಲಿ ಒಡೆದುಹೋದ ಇಟ್ಟಿಗೆಗಳಿಂದ ಕಟ್ಟಿದ್ದು.

ಹಿಂದಿನ ವರ್ಷ ಬೇಸಿಗೆಯಲ್ಲಿ ಪರದೇಶದ ಸೈನ್ಯ ಗೂಡಿಗೆ ನುಗ್ಗಿ ಸಿಕ್ಕ ಗಂಡಸರನ್ನೆಲ್ಲ ಲಾರಿಗೆ ತುಂಬಿತ್ತು. ಯಾರೋ ರಸ್ತೆಯಲ್ಲಿ ಬಾಂಬಿಟ್ಟಿದ್ದರಂತೆ. ಲಫ್ತಾನನ್ನೂ ಅವನ ತಮ್ಮ ಸವಾದಿಯನ್ನೂ ಒಯ್ದು ಊರಾಚೆಯ ಹಳೆಯ ಹಿಟ್ಟಿನ ಗೋದಾಮಿನಲ್ಲಿ ಕೂಡಿಹಾಕಿದರು. ಹಿಟ್ಟಿನ ಚೀಲಗಳನ್ನೇ ತಲೆಗೆ ಹಾಕಿ ಕತ್ತಿಗೆ ಕಟ್ಟಿದರು. ಬಟ್ಟೆ ಬಿಚ್ಚಿಸಿದರು. ಕೈಗಳನ್ನು ಹಿಂದಕ್ಕೆ ಕಟ್ಟಿ ಕಿಟಕಿಯ ಸರಳಿಗೆ ನೇತುಹಾಕಿದರು. ನಗುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಚೀಲದೊಳಗಿದ್ದವನಿಗೂ ಆ ಬೆಳಕು ಮಿಂಚುವುದು ಗೊತ್ತಾಗುತ್ತಿತ್ತು. ಪಕ್ಕದ ಕಿಟಕಿಯಲ್ಲಿದ್ದ ಸವಾದಿ ನೀರು ಕೇಳಿದ. ಆಮೇಲೆ ಅಣ್ಣನನ್ನು ಕರೆದ. ಆಮೇಲೆ ಕರೆಯಲಿಲ್ಲ. ಅವನನ್ನು ಒಂದು ಬಾಗಿಲ ಹಲಗೆಯ ಮೇಲೆ ಹಾಕಿಕೊಂಡು ಹೋದರು ಎಂದು ಎದುರಿಗಿದ್ದ, ತಲೆಗೆ ಚೀಲ ಹಾಕಿರದ ಇನ್ನೊಬ್ಬ ಕೈದಿ ಹೇಳಿದ.

ಲಫ್ತಾನನ್ನು ಚಳಿಗಾಲದಲ್ಲಿ ಬಿಟ್ಟರು. ಯಾಕೆ ಹಿಡಿದರೆಂದು ಹೇಳದಿದ್ದವರು ಯಾಕೆ ಬಿಟ್ಟರೆಂದೂ ಹೇಳಲಿಲ್ಲ. ತಮ್ಮನ ಹೆಣ ಕೇಳಿದರೆ, ಗುಂಡಿಗೆ ನಿಂತು ಸತ್ತ, ಹೆಣ ಆಮೇಲೆ ಕೊಡುತ್ತೇವೆ ಎಂದರು. ಮುಂದಿನ ಸಲ ಹೋದಾಗ ಕಚೇರಿಯವನು, ಸವಾದಿ ಎನ್ನುವ ಕೈದಿಯೇ ನಮ್ಮಲ್ಲಿರಲಿಲ್ಲ ಎಂದ. ಲಫ್ತಾ ಬಾಗಿಲಲ್ಲೇ ನಿಂತು, “ಸ್ವಾಮಿ, ಇಲ್ದೋನ ಗುಂಡಿಗೆ ಹೆಂಗೆ ನಿಲ್ತದೆ?” ಎಂದು ಕೇಳಿದ. ಕಾವಲಿನವನು ಕತ್ತು ಹಿಡಿದು ದಬ್ಬಿದ.

ಕಡೆಗೆ ಶೇಖ್‌ನ ಕಾಲಿಗೇ ಬೀಳೋಣವೆಂದು ಹೋದ. ದೊಡ್ಡವರ ಮಾತು ಸರ್ಕಾರದಲ್ಲಿ ನಡೆಯುತ್ತದೆ. ಅಲ್ಲಿಯ ಕಡೆ ಕೇಳುವುದಕ್ಕೆ ಒಂದು ರೀತಿಯುಂಟು. ಮನೆಯವರು ಕೊಟ್ಟ ಕಾಫಿಯ ಬಟ್ಟಲನ್ನು ಬಂದವನು ಕುಡಿಯದೆ ನೆಲದ ಮೇಲಿಡುತ್ತಾನೆ. ಇವನು ಏನೋ ಬೇಡಲು ಬಂದಿದ್ದಾನೆಂದು ಮನೆಯಾತನಿಗೆ ತಿಳಿಯುತ್ತದೆ. ‘ಕುಡಿ, ನೀನು ಕೇಳಿದ್ದು ಕೊಟ್ಟೆ’ ಎಂದು ಆತ ಹೇಳುವ ತನಕ ಬಟ್ಟಲನ್ನು ಯಾರೂ ಮುಟ್ಟುವಂತಿಲ್ಲ. ಮನೆಗೆ ಬಂದವನ ಕಾಫಿ ಆರಿಹೋದರೆ ಆ ಮನೆಯ ಮಾನ ಏಳೂರಲ್ಲಿ ಹೋಯಿತೆಂದೇ ಲೆಕ್ಕ. ಸವಾದಿಗೆ ಹೆಣ್ಣು ಕೇಳಲು ಹೋದಾಗ ಲಫ್ತಾ ಹಾಗೆಯೇ ಬಟ್ಟಲಿಟ್ಟು ಕೂತಿದ್ದ. ಹೆಣ್ಣಿನ ತಂದೆ ನಕ್ಕು ‘ಕುಡಿಯಪ್ಪ’ ಅಂದಿದ್ದ. ಆದರೆ ಶೇಖ್‌ನ ಚಾವಡಿಯಲ್ಲಿ ಅವನನ್ನು ಚಪ್ಪಲಿ ಬಿಡುವ ಕಡೆ ನಿಲ್ಲಿಸಿದರು. ಬೆಳ್ಳಿ ಹೂಜಿ ಬಂತು, ಒಳಗೆ ಕೂತವರಿಗೆಲ್ಲ ಕಾಫಿ ಬಗ್ಗಿಸಿತು, ಬಾಗಿಲ ಹತ್ತಿರ ಬರಲೇ ಇಲ್ಲ. ಇಡಲು ಬಟ್ಟಲೇ ಇಲ್ಲದ ಮೇಲೆ ಏನನ್ನು ಕೇಳುವುದು? ಇಳಿಹೊತ್ತಿನ ಅಸರ್ ನಮಾಜಿನ ತನಕ ನಿಂತಿದ್ದು ಮನೆಗೆ ಬಂದ.

ಆಗ ಬಂದವಳು ರಬಾಬ್. ಗೂಡಿನಲ್ಲೇ ಹುಟ್ಟಿದ ಹೆಣ್ಣು, ಗಂಡ ಸತ್ತವಳು. ಪಟ್ಟಣದಲ್ಲಿ ಒಂದು ಪತ್ರಿಕೆಯಲ್ಲಿ ಕೆಲಸಕ್ಕಿದ್ದಳು. ಸರ್ಕಾರ ಕಳಿಸಿದ್ದನ್ನು ಒಂದಕ್ಷರ ಬಿಡದೆ ಅಚ್ಚು ಹಾಕುವುದೇ ಅಲ್ಲಿ ಸುದ್ದಿ ಎನ್ನಿಸಿಕೊಂಡಿತ್ತು. ಹಿಟ್ಟಿನ ಗೋದಾಮಿನ ಬಗ್ಗೆ ಕೇಳಿದ್ದಕ್ಕೆ ಸಂಪಾದಕ ಅವಳಿಗೆ ಅಡುಗೆಯ ಪುಟ ಕೊಟ್ಟ. ಅವಳು ಬಿಟ್ಟು ಬಂದಳು. ಈಗ ಜನರೇಟರ್ ಹಾಕಿ ನಡೆಸುವ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ತನ್ನದೇ ಬ್ಲಾಗ್ ಬರೆಯುತ್ತಿದ್ದಳು. ಸಂಪಾದಕನಿಲ್ಲ, ಮಂತ್ರಿಯಿಲ್ಲ, ಸಂಬಳವೂ ಇಲ್ಲ. ಟ್ಯಾಕ್ಸಿಯವರು ಅದನ್ನು ಕಾಗದಕ್ಕೆ ಇಳಿಸಿಕೊಂಡು ಚಹಾ ಅಂಗಡಿಗಳಲ್ಲಿ ಓದಿ ಹೇಳುತ್ತಿದ್ದರು. ಸರ್ಕಾರದ ಮಾತನ್ನು ಹೇಗೂ ಯಾರೂ ನಂಬುತ್ತಿರಲಿಲ್ಲ. ಸಂಜೆ ಕರೆಂಟ್ ಬರುತ್ತದೆ ಎಂದು ಮಂತ್ರಿ ಹೇಳಿದ ದಿನ ಅಂಗಡಿಗಳಲ್ಲಿ ಮೇಣದಬತ್ತಿ ಖಾಲಿಯಾಗುತ್ತಿತ್ತು.

ಲಫ್ತಾ ಗೋಡೆಯ ಕಡೆ ಮುಖ ಮಾಡಿ ಕೂತು ಅವಳಿಗೆ ಎಲ್ಲ ಹೇಳಿದ್ದ. ಹೆಸರು ಮಾತ್ರ ಬೇಡವೆಂದಿದ್ದ. ‘ಇಟ್ಟಿಗೆ ಗೂಡಿನ ಒಬ್ಬ ಕೆಲಸಗಾರ’ ಎಂದು ಅವಳು ಬರೆದಳು. ಬರಹ ಊರೂರು ಹಬ್ಬಿತು. ಹೊರಗಿನ ಪತ್ರಿಕೆಯವರು ಸರ್ಕಾರವನ್ನು ಕೇಳಿದರು.

ಶೇಖ್‌ನ ಕಾರು ಗೂಡಿಗೆ ಬಂದು ಹೋದ ಮಾರನೆಯ ದಿನ ಸರ್ಕಾರ ಟಿವಿಯಲ್ಲಿ ಉತ್ತರ ಕೊಟ್ಟಿತು. ಮಧ್ಯಾಹ್ನದ ರೊಟ್ಟಿಗೆಂದು ಗೂಡಿನವರೆಲ್ಲ ಚಹಾ ಅಂಗಡಿಯಲ್ಲಿ ಸೇರಿದ್ದಾಗ, ಟೈ ಕಟ್ಟಿದ ಒಬ್ಬ ಮಾತಾಡಿದ. ಗೋದಾಮಿನಲ್ಲಿ ಯಾರ ಮೇಲೂ ಕೈಮಾಡಿಲ್ಲ. ಹೆಸರಿಲ್ಲದವನ ಮಾತನ್ನು ಹೊಣೆಯಿಲ್ಲದವಳು ಬರೆದಿದ್ದಾಳೆ. ಅಂಥ ಮನುಷ್ಯ ಇದ್ದರೆ ಮುಂದೆ ಬರಲಿ ಎಂದ. ಅಂಗಡಿಯಲ್ಲಿದ್ದವರು ಯಾರೂ ಲಫ್ತಾನ ಕಡೆ ನೋಡಲಿಲ್ಲ. ನೋಡದೇ ಇದ್ದ ರೀತಿಯೇ ಅವನನ್ನು ಚುಚ್ಚಿತು. ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಎದ್ದುಬಿಟ್ಟ.

ಅವತ್ತೇ ಸಂಜೆ ರಬಾಬ್ ಬಂದಳು. ಬಾಗಿಲಲ್ಲಿ ಕೂತು ಬೂಟಿನ ಕೆಂಪು ಮಣ್ಣು ಕೆರೆದಳು.

“ಅಣ್ಣಾ, ನಾನು ಬಲವಂತ ಮಾಡಕಿಲ್ಲ. ಆದ್ರೆ ಹೆಸ್ರಿಲ್ದೆ ಇನ್ನು ನಡಿಯಕಿಲ್ಲ. ಈಗ ಸವಾದಿನೂ ಸುಳ್ಳು, ನೀನೂ ಸುಳ್ಳು ಅಂತವ್ರೆ.”

ಲಫ್ತಾನಿಗೆ ಸುಸ್ತಾಗಿತ್ತು. ಒಂದು ದಿನದ ಸುಸ್ತಲ್ಲ, ಮಲಗಿ ಎದ್ದರೆ ಹೋಗುವ ಸುಸ್ತೂ ಅಲ್ಲ. ಹೆಸರು ಹಾಕಿದರೆ ಮನೆ ಹೋಗುತ್ತದೆ, ಅದು ಗೊತ್ತು. ಅದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ತನ್ನನ್ನು ಬೆತ್ತಲೆ ನಿಲ್ಲಿಸಿದ್ದು ತನ್ನ ಹೆಸರಿನ ಜೊತೆ ಲೋಕಕ್ಕೆಲ್ಲ ಗೊತ್ತಾಗುತ್ತದೆ. ಚಾಸಿಬ್‌ಗೆ ಬೈಯಲು ಹೊಸದೊಂದು ಸಿಗುತ್ತದೆ. ಆಗುವುದಿಲ್ಲ ತಾಯಿ, ನನ್ನನ್ನು ಬಿಟ್ಟುಬಿಡು ಎಂದ.

ಹೆಂಡತಿ ವಫಿಯಾ ಗುಡಾಣದಂಥ ರೊಟ್ಟಿಯ ಒಲೆಯ ಮುಂದೆ ಬಗ್ಗಿದ್ದಳು. ಒಲೆಯೊಳಗಿಂದ ತಲೆ ಎತ್ತದೆ ಹೇಳಿದಳು:

“ಬಟ್ಟೆ ಬಿಚ್ಸಿದೋರು ಫೋಟೋ ತಕ್ಕೊಂಡು ಅವ್ರ ಊರಿಗೆ ಕಳ್ಸವ್ರೆ. ಅವ್ರಿಗೇ ಇಲ್ದಿರೋ ನಾಚ್ಕೆ ನಿಂಗ್ಯಾಕಯ್ಯ? ನಿನ್ ತಮ್ಮಂಗೆ ಒಂದ್ ಗೋರಿನೂ ಇಲ್ಲ. ನಾಲ್ಕ್ ಹನಿ ಕಣ್ಣೀರು ಎಲ್ಲಿ ಹಾಕ್ಲಿ ಅಂತ ನಾನು ಜಾಗ ಹುಡುಕ್ತಾ ಇವ್ನಿ.”

ರಬಾಬ್ ಚಹಾ ಕುಡಿದು ಎದ್ದು ಹೋದಳು.

ಶುಕ್ರವಾರ ನಮಾಜಾದ ಮೇಲೆ ಗೂಡಿನ ಬೀದಿಗೆ ಮೂರು ಕಾರು ಬಂದವು. ಶೇಖ್ ಗದ್ಬಾನ್, ಬುಡಕಟ್ಟಿನ ಹಿರಿಯರು ನಾಲ್ಕು ಜನ, ಜೊತೆಗೆ ಟಿವಿಯಲ್ಲಿ ಮಾತಾಡಿದ ಅದೇ ಟೈನವನು. ಹುಟ್ಟಿದಾಗಿನಿಂದ ಯಾವ ಆಳಿನ ಹೊಸ್ತಿಲನ್ನೂ ತುಳಿಯದ ಶೇಖ್ ಬಗ್ಗಿ ಒಳಗೆ ಬಂದು ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತ. ಲಫ್ತಾನನ್ನು ಎದುರಿಗೆ ಕೂರಿಸಿಕೊಂಡ. ಬೀದಿಯ ಜನ ಬಾಗಿಲಿಗೆ ಕವಿದುಕೊಂಡರು. ವಫಿಯಾ ಗಡಿಬಿಡಿಯಲ್ಲಿ ಚಹಾದ ಕೆಟಲ್ ಹುಡುಕಿದಳು. ಗೂಡಿನ ಮನೆಯಲ್ಲಿ ಕಾಫಿ ಎಲ್ಲಿಂದ ಬರಬೇಕು? ಶೇಖ್ ಬೇಡವೆಂದು ಕೈಯಾಡಿಸಿದ. ಇವರ ಪಾತ್ರೆಯಲ್ಲಿ ಕುಡಿಯುವ ಕರ್ಮ ಅವನಿಗೇನು? ಕಾಫಿ ಅವನ ಜೊತೆಯಲ್ಲೇ ಬಂದಿತ್ತು. ಬೆಳ್ಳಿ ಹೂಜಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳು, ಎಲ್ಲವನ್ನೂ ಹಿಡಿದು ಮೇಸ್ತ್ರಿ ಚಾಸಿಬ್ ಹಿಂದೆಯೇ ಒಳಗೆ ಬಂದ.

ಚಾಸಿಬ್ ಶೇಖ್‌ಗೆ ಬಗ್ಗಿಸಿಕೊಟ್ಟ. ಶೇಖ್ ಬಟ್ಟಲನ್ನು ಮೂಗಿನ ತನಕ ಒಯ್ದು, ತುಟಿಗೆ ತಾಗಿಸದೆ, ಮೆಲ್ಲಗೆ ನೆಲದ ಮೇಲಿಟ್ಟ. ಬಾಗಿಲಲ್ಲಿದ್ದ ಜನರ ಗುಜುಗುಜು ನಿಂತುಹೋಯಿತು. ಧಣಿ ಆಳಿನ ಮುಂದೆ ಬಟ್ಟಲಿಟ್ಟಿದ್ದನ್ನು ಅವರು ಕಂಡಿದ್ದಿರಲಿ, ಕೇಳಿರಲೂ ಇಲ್ಲ.

ಮಾತಾಡಿದ್ದು ಟೈನವನು. ತಪ್ಪು ತಿಳಿವಳಿಕೆಯಿಂದ ದೇಶದ ಹೆಸರು ಕೆಡುತ್ತಿದೆಯಂತೆ. ಹೊರಗೆ ಕ್ಯಾಮೆರಾ ಇದೆ, ಎರಡೇ ಮಾತು ಸಾಕು: ಅದನ್ನೆಲ್ಲ ನಾನು ಹೇಳಿಲ್ಲ, ನನ್ನ ತಮ್ಮ ಬಸ್ರಾಕ್ಕೆ ಕೂಲಿಗೆ ಹೋದವನು ಹಿಂದಿರುಗಿಲ್ಲ. ಅಷ್ಟು ಹೇಳಿದರೆ ಹಗುರ ಕೆಲಸ, ಕೈಗೆ ಚಿಕಿತ್ಸೆ, ಮನೆ ಇದ್ದ ಹಾಗೇ ಇರುತ್ತದೆ.

“ಕೇಳಿದ್ಯಲ್ಲ,” ಎಂದ ಶೇಖ್. “ನಿನ್ನ ಮನೆ ಬಾಗಿಲಿಗೆ ಬಂದಿದೀನಿ. ಬಟ್ಟಲು ಇಟ್ಟಿದೀನಿ. ಕುಡಿ ಅನ್ನು, ಮುಗೀತು.”

ಹಿರಿಯರು ಗಡ್ಡ ನೀವಿಕೊಂಡು ಕಾದರು. ಇಲ್ಲ ಎನ್ನುವಂತಿಲ್ಲ. ಇಲ್ಲ ಅಂದರೆ ಅಪ್ಪ, ತಾತ, ಮುತ್ತಾತರ ಮಾನವೆಲ್ಲ ಆ ಒಂದು ಬಟ್ಟಲಿನಲ್ಲಿ ಆರಿ ಹೋಗುತ್ತದೆ. ಲಫ್ತಾ ಅದನ್ನೇ ನೋಡುತ್ತ ಕೂತ. ಕುಡಿ ಎಂದುಬಿಟ್ಟರೆ ಎಲ್ಲ ಮುಗಿದು ಮಲಗಬಹುದು. ನಿಜಕ್ಕೂ ಅವನಿಗೆ ಮಲಗಬೇಕಾಗಿತ್ತು. ಆ ಮಾತು ಗಂಟಲ ತನಕ ಬಂತು ಕೂಡ. ಬಟ್ಟಲು, ಬಟ್ಟಲ ಕೆಳಗಿನ ಚಾಪೆ, ಚಾಪೆಯ ಅಂಚಿನಲ್ಲಿ ನೀರಿನ ಮಡಕೆ, ಅದರ ಪಕ್ಕ ಹೂಜಿ ಹಿಡಿದ ಚಾಸಿಬ್‌ನ ಕಾಲು. ಗೂಡಿನಲ್ಲಿ ತನಗೆ ಒದ್ದ ಆ ಕಾಲನ್ನು ಅವನು ಗುರುತು ಹಿಡಿದ.

“ಧಣೀ, ನಂಗೊಂದು ಅನುಮಾನ,” ಎಂದ.

“ಕೇಳು.”

“ಮೊನ್ನೆ ಗೂಡಿನ ತಾವ ನೀವೇ ಅಂದ್ರಿ, ಮನೆ ನಿಮ್ದು, ಚಾಪೆ ನಿಮ್ದು, ಮಡಕೆನೂ ನಿಮ್ದು ಅಂತ. ಇವತ್ತು ಕಾಫಿನೂ ನಿಮ್ದೇ ಬಂತು. ನಮ್ಮನೆ ಕಾಫಿ ಆಗಿದ್ರೆ ಕುಡೀರಿ ಅಂತಿದ್ನೋ ಏನೋ. ನಂದು ಅನ್ನೋದು ಇಲ್ಲಿ ಏನೈತೆ, ಕುಡೀರಿ ಅನ್ನಕ್ಕೆ? ಹಿರೀಕರು ಕುಂತವ್ರೆ, ಅವ್ರೇ ಹೇಳ್ಲಿ. ಮನೆಯೋರು ನೀವು. ಬಂದೋನು ನಾನು.”

ಹಿರಿಯರಲ್ಲಿ ಒಬ್ಬ ಗಡ್ಡ ನೀವುವುದನ್ನು ನಿಲ್ಲಿಸಿದ. ಶೇಖ್‌ನ ಮುಖ ಅವನ ಗೂಡಿನ ಇಟ್ಟಿಗೆಯ ಹಾಗೆ ಕೆಂಪಾಯಿತು.

“ಚಾಸಿಬಣ್ಣ, ನಂಗೂ ಒಂದು ಬಗ್ಸು,” ಎಂದ ಲಫ್ತಾ.

ಚಾಸಿಬ್ ಧಣಿಯ ಮುಖ ನೋಡಿದ. ಹಿರಿಯರ ಎದುರು ಚಾಪೆಯ ಮೇಲೆ ಕೂತವನು ಬಾಯಿಬಿಟ್ಟು ಕಾಫಿ ಕೇಳಿದಾಗ ಇಲ್ಲ ಎನ್ನುವುದು ಹೇಗೆಂದು ಧಣಿಗೂ ತಿಳಿಯಲಿಲ್ಲ. ಚಾಸಿಬ್ ಬಗ್ಗಿಸಿದ. ಲಫ್ತಾ ಎರಡೂ ಕೈಯಲ್ಲಿ ತೆಗೆದುಕೊಂಡ. ಎದೆಯ ಮಟ್ಟದವರೆಗೆ ತಂದ. ಅದಕ್ಕಿಂತ ಮೇಲಕ್ಕೆ ಕೈ ಬರುತ್ತಿರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ. ಶೇಖ್‌ನ ಬಟ್ಟಲಿನ ಪಕ್ಕದಲ್ಲೇ ತನ್ನದನ್ನೂ ನೆಲದ ಮೇಲಿಟ್ಟ.

“ನನ್ ತಮ್ಮನ ಹೆಣ ಕೊಡ್ಸಿ. ಹೆಂಗೆ ಸತ್ತ ಅಂತ ಈ ಸಾಹೇಬ್ರು ಟಿವೀಲಿ ಹೇಳ್ಲಿ. ಆಮೇಲೆ ಕುಡೀತೀನಿ.”

ಶೇಖ್ ಎದ್ದ. ಚಾಪೆ ಕಾಲಿಗೆ ಸಿಕ್ಕಿ ಅವನ ಬಟ್ಟಲು ಮಗುಚಿಕೊಂಡಿತು. ತಲೆ ಕೆಟ್ಟವನ ಮಾತಿಗೆ ಅರ್ಥವಿಲ್ಲ ಎಂದು ಟೈನವನು ಹೇಳುತ್ತಿದ್ದ, ಕೇಳಿಸಿಕೊಳ್ಳುವವರು ಇರಲಿಲ್ಲ. ಕಾರುಗಳು ಹೋದವು. ಜನ ಬಾಗಿಲಿನಿಂದ ಕದಲಲಿಲ್ಲ. ಲಫ್ತಾ ಕೂತಲ್ಲೇ ಹೆಂಡತಿಯ ಕಡೆ ತಿರುಗಿದ.

“ರಬಾಬ್‌ಗೆ ಹೇಳಿಕಳ್ಸು. ಅಪ್ಪನ ಹೆಸರೂ ಸೇರಿಸ್ಕೊಳ್ಳಲಿ, ಲಫ್ತಾ ಅನ್ನೋರು ಭಾಳ ಜನ ಅವ್ರೆ,” ಎಂದ. ಹೇಳಿ ಅಲ್ಲೇ ಗೋಡೆಗೊರಗಿ ನಿದ್ದೆಹೋದ.

ರಬಾಬ್ ಹೆಸರು ಹಾಕಿದಳು. ಖಯ್ಯೂನನ ಮಗ ಲಫ್ತಾ, ಖಯ್ಯೂನನ ಮಗ ಸವಾದಿ. ಚೀಲ, ಸರಳು, ಬೆತ್ತಲೆ ನಿಲ್ಲಿಸಿದ್ದು, ಯಾವುದನ್ನೂ ಮುಚ್ಚಿಡಲಿಲ್ಲ. ಸರ್ಕಾರ, ಪರಿಶೀಲಿಸುತ್ತೇವೆ ಎಂದಿತು. ಗೂಡಿನ ಬೀದಿಯಲ್ಲಿ ಜನ ಮೇಣದಬತ್ತಿ ಕೊಂಡರು.

ಮನೆ ಖಾಲಿ ಮಾಡಿಸಲು ಚಾಸಿಬ್ ಆಳುಗಳೊಂದಿಗೆ ಬಂದ. ರಜಾಯಿ, ಕೆಟಲ್, ಹಿಟ್ಟಿನ ಡಬ್ಬಿ ಎಲ್ಲ ರಸ್ತೆಗೆ ಬಿದ್ದವು. ಚಾಪೆಯನ್ನು ಸುತ್ತಲು ಬಗ್ಗಿದವನು ಹಾಗೇ ನಿಂತ. ಮಧ್ಯದಲ್ಲಿ ಬಟ್ಟಲು ತುಂಬಿದ ಹಾಗೇ ಇತ್ತು, ಮೇಲೆ ಕೆಂಪು ಧೂಳಿನ ಕೆನೆ ಕಟ್ಟಿತ್ತು. ಕೈ ಚಾಚಿದ, ಮುಟ್ಟಲಿಲ್ಲ.

“ಇದನ್ನ ಎತ್ತಲಾ,” ಎಂದ ಹೊರಗಿದ್ದ ಲಫ್ತಾನಿಗೆ. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

“ನಾನ್ ಕೇಳಿದ್ದು ಬಂತಾ?”

ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೋಳಿಮಗ ಎಂಬ ಮಾತು ಚಾಸಿಬ್‌ನ ತುಟಿಯ ತನಕ ಬಂದು ಹಿಂದಕ್ಕೆ ಹೋಯಿತು. ಚಾಪೆಯನ್ನು ಅಲ್ಲೇ ಬಿಟ್ಟು, ಬಾಗಿಲು ಎಳೆದುಕೊಂಡು ಹೊರಟ.

ಲಫ್ತಾ, ವಫಿಯಾ ಈಗ ಲಾರಿ ರಸ್ತೆಯ ಪಕ್ಕದಲ್ಲಿ ತಗಡು ನಿಲ್ಲಿಸಿಕೊಂಡು ಇದ್ದಾರೆ. ಅವನ ಕೈ ಹಾಗೇ ಇದೆ. ಸವಾದಿಯ ಹೆಣ ಬಂದಿಲ್ಲ. ಆ ಮನೆಗೆ ಶೇಖ್ ಬೇರೆ ಒಕ್ಕಲು ತರಲು ನೋಡಿದ. ಬಂದವರು ಬಾಗಿಲು ತೆಗೆದು, ಒಳಗಿರುವುದನ್ನು ಕಂಡು, ಮೆಲ್ಲಗೆ ಮುಚ್ಚಿ ಹೋಗುತ್ತಾರಂತೆ.