ಶುಕ್ರವಾರದ ವಿಮಾನ

ಬ್ರಯರ್ ದ್ವೀಪದಲ್ಲಿ ಮಕ್ಕಳಿಗೆ ಹದಿನಾರು ತುಂಬುವುದನ್ನು ಯಾವ ತಾಯಿಯೂ ಖುಷಿಯಿಂದ ಕಾಯುವುದಿಲ್ಲ. ಹನ್ನೊಂದಕ್ಕೇ ಮಕ್ಕಳು ಅರ್ಧ ಕೈಬಿಟ್ಟು ಹೋಗಿರುತ್ತಾರೆ. ಸೋಮವಾರ ಬೆಳಿಗ್ಗೆ ದೋಣಿ ಹತ್ತಿ ಪಕ್ಕದ ದೊಡ್ಡ ದ್ವೀಪ ಸೇಂಟ್ ಮೇರೀಸ್‌ನ ಶಾಲೆಗೆ ಹೋದರೆ, ವಾರವಿಡೀ ಅಲ್ಲಿನ ಹಾಸ್ಟೆಲಿನಲ್ಲಿದ್ದು ಶುಕ್ರವಾರ ಸಂಜೆಯ ದೋಣಿಗೆ ವಾಪಸ್ಸು. ಹದಿನಾರಕ್ಕೆ ಆ ಶಾಲೆಯೂ ಮುಗಿಯುತ್ತದೆ. ಆಮೇಲಿನ ಎರಡು ವರ್ಷದ ಸಿಕ್ಸ್ತ್ ಫಾರ್ಮ್ ಓದಲು ಇಂಗ್ಲೆಂಡಿನ ನೈಋತ್ಯ ತುದಿಯಾಚೆಯ ಈ ಸಿಲಿ ದ್ವೀಪಗಳಲ್ಲಿ ಎಲ್ಲಿ ಹುಡುಕಿದರೂ ಒಂದು ತರಗತಿ ಇಲ್ಲ. ಸೇಂಟ್ ಮೇರೀಸ್‌ನಿಂದ ಚಿಕ್ಕ ವಿಮಾನ ಹತ್ತಿ, ಸಮುದ್ರ ದಾಟಿ ಮುಖ್ಯಭೂಮಿಯ ಕಾರ್ನ್‌ವಾಲ್‌ಗೆ ಹೋಗಬೇಕು, ಯಾರದೋ ಮನೆಯಲ್ಲಿ ಒಂದು ಕೋಣೆ ಹಿಡಿದು ಇರಬೇಕು.

ಟಮ್ಸಿನ್ ಇದನ್ನೆಲ್ಲ ಬಲ್ಲವಳು. ಆದರೂ ಮಗಳು ಬ್ರಯನಿಗೆ ಹದಿನೈದು ತುಂಬಿದ ದಿನದಿಂದ ಅವಳು ಉಳಿದ ಶುಕ್ರವಾರಗಳನ್ನು ಎಣಿಸತೊಡಗಿದ್ದಳು. ನಾಲ್ಕು ವರ್ಷದಲ್ಲಿ ಒಂದು ಶುಕ್ರವಾರವೂ ಅವಳು ದೋಣಿ ನಿಲ್ಲುವ ದಕ್ಕೆಗೆ ಹೋಗುವುದನ್ನು ತಪ್ಪಿಸಿದವಳಲ್ಲ. ಗಂಡ ಡೆನ್ಜಿಲ್‌ನ ಜೊತೆ ತಮ್ಮ ಹೊಲದ ನಾರ್ಸಿಸಸ್ ಹೂವಿನ ಕಟ್ಟು ಕಟ್ಟುತ್ತಿದ್ದರೂ ಸಂಜೆ ಐದಕ್ಕೆ ಕೈ ಒರೆಸಿಕೊಂಡು ಹೊರಟುಬಿಡುತ್ತಿದ್ದಳು. ದೋಣಿ ಬರುತ್ತಿತ್ತು. ಬ್ರಯನಿ ಜಿಗಿದು ಇಳಿದು, ಒಮ್ಮೆ ಆಕಾಶ ನೋಡಿ, ಮುಖ ಅರಳಿಸಿಕೊಂಡು ಓಡಿ ಬರುತ್ತಿದ್ದಳು. ಆ ಮುಖ ನೋಡಿದರೆ ವಾರದ ದಣಿವೆಲ್ಲ ಇಳಿದುಹೋಗುತ್ತಿತ್ತು.

ಬ್ರಯನಿಗೆ ಒಂದು ಹುಚ್ಚು. ಒಂಬತ್ತನೇ ವಯಸ್ಸಿನಿಂದ ಅವಳು ಮಂಜಿನ ಲೆಕ್ಕ ಬರೆದಿಡುತ್ತಾಳೆ. ಯಾವ ದಿನ ಮಂಜು ಬಂತು, ಗಾಳಿ ಯಾವ ಕಡೆಯದು, ಎಷ್ಟು ಹೊತ್ತಿಗೆ ಕರಗಿತು, ವಿಮಾನ ಹಾರಿತೋ ಇಲ್ಲವೋ. ಮುಂದೆ ಹವಾಮಾನ ಹೇಳುವ ಕೆಲಸ ಮಾಡಬೇಕೆಂದು ಅವಳ ಆಸೆ. ಇಲ್ಲಿ ಮಂಜು ಕವಿದರೆ ವಿಮಾನ ನಿಲ್ಲುತ್ತದೆ, ಹಾಲು ನಿಲ್ಲುತ್ತದೆ, ಟಪಾಲು ನಿಲ್ಲುತ್ತದೆ. ಹಾಗಾಗಿ ಊರಿನವರು ಅವಳನ್ನು ರೇಗಿಸುತ್ತಲೇ ನಾಳೆ ಹೇಗಮ್ಮಾ ಎಂದು ಕೇಳುವುದೂ ಇತ್ತು.

ಮಕ್ಕಳ ಕಾಲೇಜು ಆರಿಸುವುದರಲ್ಲಿ ಈ ದ್ವೀಪದವರದ್ದು ಒಂದು ಹಳೇ ಪದ್ಧತಿ. ಮೊದಲು ಕಾರ್ನ್‌ವಾಲ್‌ನ ವಿಮಾನ ನಿಲ್ದಾಣಕ್ಕೆ ಯಾವ ಕಾಲೇಜು ಹತ್ತಿರ ಎಂದು ನೋಡುವುದು. ಆಮೇಲೆ ಅಲ್ಲಿ ಯಾವ ಮೂರು ವಿಷಯ ತೆಗೆದುಕೊಂಡರೆ ಶುಕ್ರವಾರ ಮಧ್ಯಾಹ್ನ ಪಾಠ ಇರುವುದಿಲ್ಲ ಎಂದು ನೋಡುವುದು. ಮಧ್ಯಾಹ್ನ ಬಿಡುವಿದ್ದರೆ ಕೊನೇ ವಿಮಾನ ಸಿಗುತ್ತದೆ, ಮಗು ವಾರ ವಾರ ಮನೆಗೆ ಬರುತ್ತದೆ. ಮಗುವಿಗೆ ಏನು ಬೇಕೆಂಬ ಮಾತು ಬರುವುದು ಇದೆಲ್ಲ ಆದ ಮೇಲೆ. ಬಾರದೇ ಹೋದರೂ ಯಾರೂ ಗಮನಿಸುವುದಿಲ್ಲ.

ಟಮ್ಸಿನ್ ಕೂಡ ಹಾಗೇ ಹುಡುಕಿದಳು. ಹತ್ತಿರದ ಕಾಲೇಜಿನಲ್ಲಿ ಪ್ರವಾಸೋದ್ಯಮ, ಫೋಟೋಗ್ರಫಿ, ವ್ಯಾಪಾರ ತೆಗೆದುಕೊಂಡರೆ ಶುಕ್ರವಾರ ಹನ್ನೆರಡಕ್ಕೇ ಬಿಡುಗಡೆ. ಸೆಪ್ಟೆಂಬರಿನ ಒಂದು ಬುಧವಾರ, ಹೆಂಗಸರ ದೋಣಿ ಪಂದ್ಯ ಮುಗಿಸಿ ಮರಳಿನ ಮೇಲೆ ದೋಣಿ ಎಳೆಯುವಾಗ ಅವಳು ಇದನ್ನು ಹಿಲರಿಗೆ ಹೇಳಿದಳು. ಆರು ಹುಟ್ಟಿನ ಆ ದೋಣಿಯಲ್ಲಿ ಟಮ್ಸಿನ್ ಮೂರನೇ ಹುಟ್ಟು ಹಾಕುವವಳು, ಹಿಲರಿ ಚುಕ್ಕಾಣಿ ಹಿಡಿದು ಎಲ್ಲರ ಮೇಲೂ ಕೂಗಾಡುವವಳು. ಶಾಲೆಯಲ್ಲಿ ಮುಂದೆ ಏನು ಓದಬೇಕೆಂದು ಮಕ್ಕಳಿಗೆ ದಾರಿ ತೋರಿಸುವ ಟೀಚರ್ ಕೂಡ ಅವಳೇ.

"ಯಾವ ವಿಷಯ ಓದ್ತಾಳೆ ಅಂತ ಕೇಳಿದ್ರೆ ಯಾವ ವಿಮಾನ ಹಿಡೀತಾಳೆ ಅಂತ ಹೇಳ್ತಿದೀಯಲ್ಲೇ," ಎಂದಳು ಹಿಲರಿ.

"ವಾರಕ್ಕೊಂದ್ಸಲ ಮುಖ ನೋಡ್ಬೇಕು ಕಣೇ ನಂಗೆ. ಅದೂ ತಪ್ಪಾ?"

"ತಪ್ಪಲ್ಲ ಮಾರಾಯ್ತಿ. ಆದ್ರೆ ನೀನು ಆರಿಸಿರೋದು ನಿನ್ನ ಕೋರ್ಸು. ಅವಳದ್ದಲ್ಲ."

ದೋಣಿಯ ಅಂಚಿನ ಮೇಲೆ ಕೂತು ಹಿಲರಿ ಎಲ್ಲ ಬಿಡಿಸಿ ಹೇಳಿದಳು. ಹವಾಮಾನ ಕಲಿಯಲು ಮುಂದೆ ವಿಶ್ವವಿದ್ಯಾಲಯ ಸೇರುವವರು ಈ ಎರಡು ವರ್ಷ ಗಣಿತ ಮತ್ತು ಭೌತಶಾಸ್ತ್ರವನ್ನು ಎ ಲೆವೆಲ್ ಪರೀಕ್ಷೆಗೆ ಓದಿರಲೇಬೇಕು. ಅವೆರಡು ಇಲ್ಲದೆ ಹದಿನೆಂಟಕ್ಕೆ ಹೋಗಿ ನಿಂತರೆ ಬಾಗಿಲು ತೆರೆಯುವುದಿಲ್ಲ, ಹಿಂದೆ ಬಂದು ಮತ್ತೆ ಶುರುಮಾಡಬೇಕು. ಎ ಲೆವೆಲ್ ಗಣಿತಕ್ಕೆ ಸೇರಲು ಹದಿನಾರರ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಆರು ಅಥವಾ ಏಳನೇ ದರ್ಜೆ ಕೇಳುತ್ತಾರೆ, ಒಂಬತ್ತು ಎಲ್ಲಕ್ಕಿಂತ ಮೇಲಿನದು. ಬ್ರಯನಿ ಅದನ್ನು ತೆಗೆಯುತ್ತಾಳೆ, ಅನುಮಾನ ಬೇಡ. ಅವಳಿಗೆ ಹೊಂದುವ ವಿಷಯಗಳಿರುವುದು ಇನ್ನೊಂದು ಗಂಟೆ ರೈಲಿನಲ್ಲಿ ಹೋಗಬೇಕಾದ ದೂರದ ಕಾಲೇಜಿನಲ್ಲಿ. ಅಲ್ಲಿ ಶುಕ್ರವಾರ ಸಂಜೆ ನಾಲ್ಕೂವರೆಯವರೆಗೆ ಪ್ರಯೋಗಾಲಯ.

ನಾಲ್ಕೂವರೆ ಎಂದರೆ ಆ ದಿನದ ವಿಮಾನ ಇಲ್ಲ, ಶನಿವಾರ ಬಂದು ಒಂದೇ ರಾತ್ರಿಗೆ ಮರಳಿದರೆ ಟಿಕೆಟ್ಟಿನ ದುಡ್ಡು ದಂಡ. ಆರೇಳು ವಾರಕ್ಕೊಮ್ಮೆ ಬರುವ ರಜೆಗೆ ಮಾತ್ರ ಮಗಳು ಮನೆಗೆ. ಟಮ್ಸಿನ್ ಎದ್ದು ಹುಟ್ಟುಗಳನ್ನು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು.

ಮನೆಯಲ್ಲಿ ಅವಳು ಈ ಮಾತು ಎತ್ತಲಿಲ್ಲ. ಎತ್ತಿದವಳು ಬ್ರಯನಿ. ಒಂದು ಭಾನುವಾರ ತಟ್ಟೆ ತೊಳೆಯುತ್ತ, ತಿರುಗಿ ನೋಡದೆ, "ಹತ್ತಿರದ್ದೇ ಇರ್ಲಿ ಬಿಡಮ್ಮ. ಪ್ರವಾಸೋದ್ಯಮನೂ ಚೆನ್ನಾಗೇ ಇರುತ್ತೆ," ಎಂದಳು. ಟಮ್ಸಿನ್‌ಗೆ ಹಾಯೆನಿಸಿತು. ಮರುಕ್ಷಣವೇ ಆ ಹಾಯೆನಿಸಿದ್ದಕ್ಕೆ ನಾಚಿಕೆಯಾಯಿತು. ಆದರೂ ಬೇಡವೆನ್ನದೆ ತಟ್ಟೆ ಒರೆಸತೊಡಗಿದಳು.

ನವೆಂಬರಿನ ಒಂದು ಗುರುವಾರ ತಾಯಿ ಮಗಳು ಚಿಕ್ಕ ವಿಮಾನ ಹತ್ತಿ ಹತ್ತಿರದ ಕಾಲೇಜು ನೋಡಲು ಹೋದರು. ಕಾಲೇಜೇನೂ ಕೆಟ್ಟದ್ದಲ್ಲ. ಟೀಚರುಗಳು ಒಳ್ಳೆಯವರು, ಪ್ರವಾಸೋದ್ಯಮದ ಕೋರ್ಸು ಬೇಕೆಂದು ಬಂದವರಿಗೆ ಅದಕ್ಕಿಂತ ಒಳ್ಳೇ ಜಾಗ ಸಿಗುವುದು ಕಷ್ಟ. ಬ್ರಯನಿ ಎಲ್ಲದಕ್ಕೂ ತಲೆಯಾಡಿಸಿದಳು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಗಳು ಇಷ್ಟು ವಿಧೇಯಳಾಗಿದ್ದುದನ್ನು ಟಮ್ಸಿನ್ ಎಂದೂ ನೋಡಿರಲಿಲ್ಲ.

ಶುಕ್ರವಾರ ವಾಪಸ್ಸು ಬರಬೇಕು, ಮಂಜು. ವಿಮಾನ ನಿಲ್ದಾಣದ ಬೆಂಚಿನ ಮೇಲೆ ಆರು ಗಂಟೆ ಕೂತು, ವಿಮಾನ ರದ್ದಾಯಿತೆಂದು ಕೇಳಿ, ಇಳಿದುಕೊಂಡಿದ್ದ ಮನೆಗೇ ಮರಳಿದರು. ಶನಿವಾರ ಬೆಳಿಗ್ಗೆಯೂ ಕಿಟಕಿಯಾಚೆ ಎದುರು ಮನೆಯೇ ಕಾಣುತ್ತಿರಲಿಲ್ಲ. ತಿಂಡಿ ತಿನ್ನುವಾಗ ಹಿಲರಿಯ ಫೋನ್ ಬಂತು. ಇವತ್ತು ದೂರದ ಕಾಲೇಜಿನಲ್ಲಿ ಎಲ್ಲರಿಗೂ ಒಳಗೆ ಬಂದು ನೋಡಲು ಬಿಡುತ್ತಾರಂತೆ.

"ವಿಮಾನ ಹಾರಲ್ಲ, ರೈಲು ಓಡುತ್ತೆ," ಎಂದಳು ಹಿಲರಿ. "ಗೋಡೆ ನೋಡ್ತಾ ಕೂರೋ ಬದ್ಲು ಹೋಗಿ ಬನ್ನಿ. ನೋಡಿದ್ರೆ ಸೇರ್ಲೇಬೇಕು ಅಂತೇನಿಲ್ಲ."

ಹೋದರು. ದೊಡ್ಡ ಕಾಲೇಜು, ಗದ್ದಲ, ಟಮ್ಸಿನ್‌ಗೆ ತಲೆ ತಿರುಗಿತು. ಭೌತಶಾಸ್ತ್ರದ ಕೋಣೆಯಲ್ಲಿ ಮೊಣಕೈ ಸವೆದ ಸ್ವೆಟರ್ ಹಾಕಿದ ಒಬ್ಬ ಮೇಷ್ಟ್ರು ಪ್ಲಾಸ್ಟಿಕ್ ಬಾಟಲಿಯಲ್ಲಿ ಸ್ವಲ್ಪ ಬೆಚ್ಚಗಿನ ನೀರು ಹಾಕಿ, ಉರಿದ ಬೆಂಕಿಕಡ್ಡಿಯ ಹೊಗೆ ಒಳಗೆ ಬಿಟ್ಟು, ಮುಚ್ಚಳ ಬಿಗಿದು ಹಿಚುಕಿದರು. ಕೈ ಸಡಿಲಿಸಿದರೆ ಬಾಟಲಿ ತುಂಬ ಮಂಜು. ಮತ್ತೆ ಹಿಚುಕಿದರೆ ಮಾಯ. ಯಾಕೆ ಹೀಗೆ ಎಂದು ಕೇಳಿದರು.

ಬ್ರಯನಿ ಹೇಳಿದಳು. ಮೊದಲು ಮೆಲ್ಲಗೆ, ಆಮೇಲೆ ಕೈ ಬೀಸಿಕೊಂಡು. ಹಿಚುಕಿದ್ದು ಬಿಟ್ಟಾಗ ಗಾಳಿ ಹಿಗ್ಗಿ ತಣ್ಣಗಾಗುತ್ತದೆ, ಅದರೊಳಗಿನ ತೇವ ಹೊಗೆಯ ಕಣಗಳನ್ನು ಹಿಡಿದುಕೊಂಡು ಹನಿಯಾಗುತ್ತದೆ. ತಮ್ಮ ದ್ವೀಪದಲ್ಲಿ ಯಾರೂ ಹಿಚುಕುವುದಿಲ್ಲ, ನೈಋತ್ಯದ ಬೆಚ್ಚಗಿನ ಗಾಳಿ ತಣ್ಣನೆಯ ಸಮುದ್ರದ ಮೇಲೆ ಹಾದು ಬಂದರೆ ಸಾಕು, ಮಂಜು. ಗಾಳಿ ವಾಯವ್ಯಕ್ಕೆ ತಿರುಗಿತೆಂದರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

"ಇದನ್ನ ಯಾರಮ್ಮ ಹೇಳ್ಕೊಟ್ರು?" ಎಂದು ಮೇಷ್ಟ್ರು ಕೇಳಿದರು.

"ಯಾರೂ ಇಲ್ಲ ಸರ್. ಬರೆದಿಟ್ಟಿದೀನಿ. ಆರು ವರ್ಷದ್ದು."

ಮೇಷ್ಟ್ರು ಬಾಟಲಿಯನ್ನು ಅವಳ ಕೈಗೇ ಕೊಟ್ಟರು. ಬ್ರಯನಿಯ ಮುಖ ಅರಳಿತ್ತು. ಬಾಗಿಲ ಬಳಿ ನಿಂತಿದ್ದ ಟಮ್ಸಿನ್‌ಗೆ ಆ ಮುಖದ ಗುರುತು ಹತ್ತಿತು. ನಾಲ್ಕು ವರ್ಷ ಪ್ರತಿ ಶುಕ್ರವಾರ ದಕ್ಕೆಯಲ್ಲಿ ಕಂಡ ಮುಖವೇ ಅದು. ದೋಣಿಯಿಂದ ಇಳಿದ ಮಗಳು ಮೊದಲು ಆಕಾಶ ನೋಡುತ್ತಿದ್ದಳಲ್ಲ. ಅಮ್ಮನನ್ನು ಕಂಡು ಅರಳಿತೆಂದು ತಾನು ಅಂದುಕೊಂಡದ್ದರಲ್ಲಿ ಅರ್ಧ ಪಾಲು ಆಕಾಶದ್ದೂ ಇತ್ತು. ಅವಳಿಗೆ ಅಳು ಬಂತು, ಹೆಮ್ಮೆಯೂ ಆಯಿತು.

ವಾಪಸ್ಸು ಬರುವ ರೈಲಿನಲ್ಲಿ ಅವಳು ಮಗಳಿಗೆ ಎಂದೂ ಹೇಳದ ಮಾತೊಂದನ್ನು ಹೇಳಿದಳು. ತನಗೆ ಓದು ಹತ್ತಲಿಲ್ಲ, ಅದಕ್ಕೇ ಕಾಲೇಜು ಬಿಟ್ಟೆ ಎಂದು ಇಷ್ಟು ದಿನ ಹೇಳಿಕೊಂಡು ಬಂದದ್ದು ಸುಳ್ಳು. ಅವಳಿಗೆ ನರ್ಸ್ ಆಗಬೇಕೆಂದಿತ್ತು. ಅದಕ್ಕೆ ಜೀವಶಾಸ್ತ್ರ ಬೇಕಿತ್ತು. ಜೀವಶಾಸ್ತ್ರದ ಪಾಠ ಶುಕ್ರವಾರ ಮಧ್ಯಾಹ್ನ ಇತ್ತು. ಅದನ್ನು ಬಿಟ್ಟು ಬೇರೇನೋ ತೆಗೆದುಕೊಂಡಳು, ವಾರ ವಾರ ಮನೆಗೆ ಓಡಿದಳು. ಎಷ್ಟೋ ವಾರ ಮಂಜಿನಿಂದ ಬೆಂಚಿನ ಮೇಲೇ ಕಳೆದಳು. ಅಲ್ಲಿ ಒಬ್ಬ ಗೆಳತಿಯೂ ಆಗಲಿಲ್ಲ, ಪಾಠವೂ ರುಚಿಸಲಿಲ್ಲ. ಕ್ರಿಸ್‌ಮಸ್‌ಗೆ ಬಂದವಳು ಮತ್ತೆ ಹೋಗಲೇ ಇಲ್ಲ. ಈಗಲೂ ದ್ವೀಪಕ್ಕೆ ನರ್ಸ್ ಬಂದಾಗ ಅವಳ ಚೀಲದ ಕಡೆಗೇ ಟಮ್ಸಿನ್‌ಳ ಕಣ್ಣು ಹೋಗುತ್ತದೆ.

"ಶುಕ್ರವಾರ ಬಾ ಅಂತ ಅಜ್ಜಿ ಹೇಳಿದ್ರಾ?" ಎಂದು ಬ್ರಯನಿ ಕೇಳಿದಳು.

"ಇಲ್ಲ. ಅಜ್ಜಿ ಅಳ್ತಿದ್ರು, ಅಷ್ಟೇ. ಅದೇ ಸಾಕಾಯ್ತು ನಂಗೆ."

ಅವಳು ಚೀಲದಿಂದ ದೂರದ ಕಾಲೇಜಿನ ಅರ್ಜಿ ತೆಗೆದು ಮಗಳ ತೊಡೆಯ ಮೇಲಿಟ್ಟಳು. ಆಮೇಲೆ ಟಮ್ಸಿನ್, "ನಾನೂ ಅಳ್ತೀನಿ ಕಣೇ. ನೀನು ನೋಡೋಕೆ ಹೋಗ್ಬೇಡ. ಸುಮ್ನೆ ಅರ್ಜಿ ತುಂಬು," ಎಂದಳು.

ಹಿಲರಿ ಹೇಳಿದಂತೆ ಎರಡೂ ಕಾಲೇಜಿಗೆ ಅರ್ಜಿ ಹೋಯಿತು, ದೂರದ್ದು ಮೊದಲು, ಹತ್ತಿರದ್ದು ಕೈಯಲ್ಲಿರಲಿ ಎಂದು. ಡೆನ್ಜಿಲ್ ದ್ವೀಪಗಳ ಕೌನ್ಸಿಲ್ ಕಚೇರಿಗೆ ಫೋನ್ ಮಾಡಿ ಕೋಣೆಯ ಖರ್ಚಿಗೆ ಸಿಗುವ ನೆರವಿನ ವಿಚಾರ ಕೇಳಿ, ಅದರ ಕಾಗದಗಳನ್ನು ತುಂಬಿದ. ವಸಂತದಲ್ಲಿ ಮೂವರೂ ಹೋಗಿ ಮಗಳು ಇರಬೇಕಾದ ಮನೆ ನೋಡಿದರು. ಮನೆಯಾಕೆ ಕೊಟ್ಟ ಟೀ ಕುಡಿದು, ಮಂಚ ಒತ್ತಿ ನೋಡಿ, ಕಿಟಕಿಯಿಂದ ಆಕಾಶ ಕಾಣುತ್ತದೆಯೇ ಎಂದು ಟಮ್ಸಿನ್ನೇ ಮೊದಲು ನೋಡಿದಳು. ಆಗಸ್ಟಿನಲ್ಲಿ ಫಲಿತಾಂಶ ಬಂತು, ಗಣಿತದಲ್ಲಿ ಎಂಟನೇ ದರ್ಜೆ.

ಸೆಪ್ಟೆಂಬರಿನಲ್ಲಿ ಬ್ರಯನಿ ಹೊರಟಳು. ಟಮ್ಸಿನ್ ದಕ್ಕೆಯಲ್ಲಿ ಅಳಲಿಲ್ಲ. ಹೂ ಕಟ್ಟುವ ಕೊಟ್ಟಿಗೆಗೆ ಹೋಗಿ ಅತ್ತಳು.

ಮೊದಲ ಶುಕ್ರವಾರ ಸಂಜೆ ಐದಕ್ಕೆ ಅವಳ ಕಾಲು ತಾನಾಗಿ ದಕ್ಕೆಯ ಕಡೆ ನಡೆಯಿತು. ದೋಣಿ ಬಂತು, ಬೇರೆಯವರ ಮಕ್ಕಳು ಇಳಿದರು. ಎರಡನೇ ಶುಕ್ರವಾರವೂ ಹೋದಳು. ಬರುವವರು ಯಾರೂ ಇಲ್ಲವೆಂದು ತಿಳಿದೂ ಹೋಗಿ ನಿಂತವಳನ್ನು ಕಂಡು ದೋಣಿಯವನು ಟೋಪಿ ಮುಟ್ಟಿ ಹೋದ. ಮೂರನೇ ಶುಕ್ರವಾರ ಅಲ್ಲಿ ನಿಂತಿದ್ದಾಗಲೇ ಫೋನಿಗೆ ಮಗಳ ಸಂದೇಶ ಬಂತು. "ಪ್ರಯೋಗಾಲಯ ಈಗ ಮುಗೀತು. ನಾಳೆ ಬೆಳಿಗ್ಗೆ ನಿಮ್ಮಲ್ಲಿ ಮಂಜು, ಹತ್ತಕ್ಕೆ ಹೋಗುತ್ತೆ. ಹೊಲದ ಕೆಲಸ ಆಮೇಲಿಟ್ಕೋ."

ಮರುದಿನ ಮಂಜು ಬಂತು. ಟಮ್ಸಿನ್ ಅಡುಗೆಮನೆಯ ಗಡಿಯಾರ ನೋಡುತ್ತ ಕೂತಳು. ಹತ್ತಕ್ಕೆ ಹೋಗಲಿಲ್ಲ. ಹತ್ತು ನಲವತ್ತಕ್ಕೆ ಹೊಲ ಕಂಡಿತು, ಹೊಲದಾಚೆ ಸಮುದ್ರ ಕಂಡಿತು. ಅವಳು ಮಗಳಿಗೆ ಬರೆದಳು: "ನಲವತ್ತು ನಿಮಿಷ ತಡ. ಇನ್ನೂ ಚೆನ್ನಾಗಿ ಓದು."

ತಾಯಂದಿರೇ, ತಂದೆಯರೇ, ನಿಮ್ಮ ಮನೆಯಲ್ಲೂ ಈ ವರ್ಷ ಹದಿನಾರರ ಮಗು ಇದ್ದರೆ ಒಂದು ಮಾತು ಕೇಳಿ. ಮುಂದೆ ಏನಾಗಬೇಕೆಂದು ಮಗುವನ್ನು ಕೇಳಿ, ಅದಕ್ಕೆ ಯಾವ ವಿಷಯ ಓದಿರಬೇಕು, ಯಾವ ದರ್ಜೆ ಬೇಕು ಎಂದು ಶಾಲೆಯಲ್ಲಿ ವಿಚಾರಿಸಿ. ಕಡಿಮೆಯೆಂದರೂ ಎರಡು ಕಾಲೇಜಿಗೆ ಮಗುವಿನ ಜೊತೆ ಹೋಗಿ ನೋಡಿ, ಎರಡಕ್ಕೂ ಕೊನೇ ದಿನಕ್ಕೆ ಮುಂಚೆ ಅರ್ಜಿ ಹಾಕಿ. ದೂರವಾದರೆ ಇರುವ ಮನೆಯನ್ನೂ ನೋಡಿ, ನೆರವು ಕೇಳಲು ಸಂಕೋಚಪಡಬೇಡಿ. ಸೇರಿದ ಮೇಲೆ ವಿಷಯ ತಪ್ಪಿದೆ ಎನಿಸಿದರೆ ಮೊದಲ ಕೆಲವು ವಾರಗಳಲ್ಲೇ ಹೇಳಿ, ಬದಲಿಸಲು ಆಗಬಹುದು. ಮಗು ಶುಕ್ರವಾರ ಮನೆಗೆ ಬರುತ್ತದೆಯೇ ಎಂಬ ಪ್ರಶ್ನೆ ನಿಮ್ಮದು, ಅದು ಮನಸ್ಸಿನಲ್ಲಿ ಇದ್ದೇ ಇರುತ್ತದೆ, ಇರಲಿ. ಅದಕ್ಕಿಂತ ಮೊದಲು, ಸೋಮವಾರ ಬೆಳಿಗ್ಗೆ ಮಗು ಯಾವ ಪಾಠದ ಕೋಣೆಗೆ ಖುಷಿಯಿಂದ ಓಡಿಹೋಗುತ್ತದೆ ಎಂದು ಕೇಳಿ.