ಬಿಸು ಕಣಿಯ ಕನ್ನಡಿ

“ಬೆಳಕು ಇನ್ನೂ ಬರ್ಲಿಲ್ಲ ಅಲ್ಲ ಅಮ್ಮ?”

ಲೋಕನಾಥ ಮತ್ತೆ ಕೇಳಿದಾಗ ಪರಮೇಶ್ವರಿಯಮ್ಮ ಸೆರಗಿನ ತುದಿ ತಿರುಚುತ್ತ ನಿಂತರು. ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೆ ಹೇಳುವುದು ಹೇಗೆ?

ವಿಟ್ಲದ ಹತ್ತಿರದ ಈ ಕಲ್ಲಿನ ಗುಡಿಯನ್ನು ಯಾವ ಕಾಲದಲ್ಲಿ ಕಟ್ಟಿದರೋ, ಕಟ್ಟಿದವನು ಮಾತ್ರ ಸೂರ್ಯನ ಜಾಡು ಬಲ್ಲವನೇ. ಬಾಗಿಲ ಮೇಲೆ ಅಂಗೈಯಗಲದ ಬೆಳಕಿಂಡಿ ಬಿಟ್ಟಿದ್ದ. ತುಳುನಾಡಿನ ಹೊಸವರ್ಷವಾದ ಬಿಸು ಹಬ್ಬದ ಬೆಳಿಗ್ಗೆ ಸೂರ್ಯ ಎದುರಿನ ಗುಡ್ಡ ದಾಟಿದನೆಂದರೆ ಬಿಸಿಲು ಆ ಕಿಂಡಿಯಲ್ಲಿ ನುಸುಳಿ ದೇವರ ಮುಖಕ್ಕೇ ಬೀಳುತ್ತಿತ್ತು. ಕಣ್ಣಿಗೆ ಪೊರೆ ಬಂದ ಮೇಲೆ ಪರಮೇಶ್ವರಿಯಮ್ಮನಿಗೆ ದೀಪದ ಬೆಳಕು ಸಾಲುತ್ತಿರಲಿಲ್ಲ. ವರ್ಷಕ್ಕೊಮ್ಮೆ ಆ ಬಿಸಿಲಿನಲ್ಲಷ್ಟೇ ಅವರಿಗೆ ದೇವರ ದರ್ಶನ.

ಹೋದ ಮಳೆಗಾಲ, ೧೯೮೧ರಲ್ಲಿ, ಲೋಕನಾಥ ತನ್ನ ಬೊಂಬಾಯಿಯ ಹೋಟೆಲು ಬಿಟ್ಟು ನಾಲ್ಕು ದಿನಕ್ಕೆಂದು ಊರಿಗೆ ಬಂದಿದ್ದ. ಹುಡುಗನಾಗಿ ಹಸಿದು ಬಂದ ಕಾಲದಲ್ಲಿ, ಹೆತ್ತವಳಲ್ಲದಿದ್ದರೂ ತನಗೆ ಎಲೆ ಹಾಕಿ ಬಡಿಸಿದ ಅಮ್ಮ ಅಂಗಳದಲ್ಲಿ ನೆನೆಯುತ್ತ ಕೈಮುಗಿಯುವುದನ್ನು ಕಂಡ. ಗುಡಿಯೆದುರು ಅಂಗಳಕ್ಕೆ ಚಾವಣಿಯಾಗಿ ಕಾಂಕ್ರೀಟಿನ ಮಾಡು ಕಟ್ಟಿಸಿಯೇ ಬಿಟ್ಟ. ಆ ಮಾಡೇ ಈಗ ಕಿಂಡಿಗೆ ಅಡ್ಡ.

“ನೀನು ಕಟ್ಟಿಸಿದ್ದು ಒಳ್ಳೆದಾಯ್ತು ಮಗಾ. ನನಗೆ ನೆನೆಯುವುದು ತಪ್ಪಿತು,” ಎಂದರು ಪರಮೇಶ್ವರಿಯಮ್ಮ. ಅದೇನೂ ಸುಳ್ಳಲ್ಲ.

ಲೋಕನಾಥ ತಲೆಯೆತ್ತಿ ಮಾಡು ನೋಡಿದ, ಕಿಂಡಿ ನೋಡಿದ. ಅವನ ಮುಖ ಸಣ್ಣಗಾಯಿತು.

“ನಾನೇ ಅಡ್ಡ ಕಟ್ಟಿದ್ದು ಅಲ್ವಾ? ನಿಮಗೆ ಹೇಳ್ಬಹುದಿತ್ತಲ್ಲ ಅಮ್ಮ.”

“ಅಷ್ಟು ಪ್ರೀತಿಯಲ್ಲಿ ಕಟ್ಟಿಸಿದವನಿಗೆ ಹೇಗೆ ಹೇಳುದು ಮಾರಾಯ?”

ದೇವರೆದುರು ಅಕ್ಕಿ, ತೆಂಗಿನಕಾಯಿ, ಸೌತೆ, ಗೇರುಹಣ್ಣುಗಳ ನಡುವೆ, ಹಬ್ಬದ ಬೆಳಿಗ್ಗೆ ಎದ್ದೊಡನೆ ನೋಡಲೆಂದು ಇಡುವ ಬಿಸು ಕಣಿಯ ಕನ್ನಡಿ ನಿಂತಿತ್ತು. ಲೋಕನಾಥ ಅದನ್ನೇ ನೋಡುತ್ತಿದ್ದವನು ಅರ್ಚಕರ ಕಡೆ ತಿರುಗಿದ. ಅರ್ಚಕರೆಂದರೆ ಪರಮೇಶ್ವರಿಯಮ್ಮನ ಮೈದುನ ಶಿವಸುಬ್ರಹ್ಮಣ್ಯ ಭಟ್ಟರೇ; ಅವರಿಗೆ ಅಷ್ಟರಲ್ಲೇ ಅರ್ಥವಾಯಿತು. ಕಣಿಯ ಕನ್ನಡಿ ತೆಗೆಯುವ ಪದ್ಧತಿ ಇಲ್ಲ. ಒಂದು ಗಳಿಗೆ ಅತ್ತಿಗೆಯ ಮುಖ ನೋಡಿ, ಅದನ್ನೆತ್ತಿ ಅವನ ಕೈಗಿಟ್ಟರು.

ಲೋಕನಾಥ ಮಾಡಿನಾಚೆ ಬಿಸಿಲಿಗೆ ಹೋಗಿ ಕನ್ನಡಿ ಹಿಡಿದ. ಬೆಳಕು ಕಂಬದ ಮೇಲೆ, ಹೊಸಿಲ ಮೇಲೆ ತಡಕಾಡಿ ಒಳಹೊಕ್ಕಿತು. ಮೊದಲು ದೇವರ ಕಿರೀಟ ಬೆಳಗಿತು, ಆಮೇಲೆ ಮುಖ.

“ಕಂಡಿತಾ ಅಮ್ಮ?”

“ಕಂಡಿತು ಮಗಾ.” ಈ ಹುಡುಗನಿಗೆ ಒಂದು ಕಾಲದಲ್ಲಿ ಬಡಿಸುವ ಭಾಗ್ಯ ಕೊಟ್ಟದ್ದಕ್ಕೆ ದೇವರಿಗೆ ಕೈಮುಗಿದರು. “ಸಾಕು, ಇಳಿಸು. ಕೈ ನೋಯ್ತದೆ.”

“ಇಲ್ಲ, ನೀವು ನೋಡಿ. ನಾಳೆ ಮೇಸ್ತ್ರಿಗೆ ಹೇಳ್ತೇನೆ, ಕಿಂಡಿಗೆ ಅಡ್ಡ ಇರುವಷ್ಟು ಒಡೆಸುವ.”

ಅವನ ಕೈ ನಡುಗುತ್ತಿತ್ತು. ಬೆಳಕೂ ನಡುಗಿ, ಎಂದೂ ಅಲುಗದ ಕಲ್ಲಿನ ತುಟಿ ಅಲುಗಿದಂತೆ ಕಾಣುತ್ತಿತ್ತು.